ರಾಮಲಕ್ಷ್ಮಮ್ಮನವರ ಸಿಡಿ ಅರವತ್ಮೂರು
ಹಾಲ್ಕುರಿಕೆಯ ರಾಮಲಕ್ಷ್ಮಮ್ಮನವರ ಪಕ್ಕ ಕೂತವರು, ಅವರ ಮಗಳು ನಿರ್ಮಲಾ ಮೈಸೂರಿನಲ್ಲಿ ಮಾಡುತ್ತಿರುವ ಸಂಶೋಧನೆಯನ್ನು ತಿಳಿದುಕೊಳ್ಳದೆ ಏಳುವಂತಿಲ್ಲ. ತಿಪಟೂರು ಬಸ್ಸಿನ ಕಂಡಕ್ಟರಿಗೂ ಬಿಡುಗಡೆಯಿಲ್ಲ. "ನಮ್ ಮೈಯಾಗಿರೋ ಜೀವಕೋಶ ಸಣ್ಸಣ್ ಗುಳ್ಳೆ ಬುಡ್ತೈತೆ ಕಣಪ್ಪ, ಕಣ್ಣಿಗೆ ಕಾಣಾಕಿಲ್ಲ. ಗುಳ್ಳೆ ಪೊರೆ ಮ್ಯಾಲೆ ಸಿಡಿ ಅರವತ್ಮೂರು ಅಂತ ಒಂದು ಪ್ರೋಟೀನ್ ಇರ್ತೈತೆ. ಅದೇ ಗುರ್ತು!" ಅಟ್ಟದಿಂದ ಕೊಬ್ಬರಿ ಇಳಿಸಲು ಬಂದ ರೇವಮ್ಮ, "ಆ ಸಿಡೀಲಿ ಎಷ್ಟು ಹಾಡವೆ ಅಕ್ಕ?" ಎಂದು ಕೇಳಿ, ಪಾಠವನ್ನು ಮೊದಲಿಂದ ಕೇಳಬೇಕಾಯಿತು. ಒಲೆಯ ಮೇಲೆ ಹಾಲು ಉಕ್ಕಿದರೆ ರಾಮಲಕ್ಷ್ಮಮ್ಮ ನೊರೆಯ ಗುಳ್ಳೆ ತೋರಿಸಿ ವಿವರಿಸುತ್ತಾರೆಯೇ ಹೊರತು ಉರಿ ತಗ್ಗಿಸುವುದಿಲ್ಲ. ಹೀಗಿರುವಾಗ ಒಂದು ದಿನ ನಿರ್ಮಲಾ ಪೆಟ್ಟಿಗೆ ಸಮೇತ ಬಂದಿಳಿದಳು. ಎಷ್ಟು ಪರೀಕ್ಷೆ ಮಾಡಿದರೂ ಗುಳ್ಳೆಗಳ ಮೇಲೆ ಆ ಸಿಡಿ ಅರವತ್ಮೂರರ ಗುರುತು ಸಿಗುತ್ತಿಲ್ಲವೆಂದು ಅತ್ತು, "ಓದು ಸಾಕಮ್ಮ, ಗಂಡು ನೋಡು" ಎಂದಳು. ತುರುವೇಕೆರೆಯಿಂದ ಗಂಡಿನವರು ಬಂದರು. ಉಪ್ಪಿಟ್ಟು ತಿಂದು, ಹುಡುಗನ ತಂದೆ, "ಗುಳ್ಳೆಗಿಳ್ಳೆ ಎಲ್ಲ ಇನ್ಮ್ಯಾಲೆ ಬ್ಯಾಡ ಕಣ್ರಮ್ಮ" ಎಂದು ನಕ್ಕರು. ರಾಮಲಕ್ಷ್ಮಮ್ಮ ನಗಲಿಲ್ಲ. "ಆ ಗುರ್ತು ಸಿಗೋಗಂಟ ನಮ್ ಹುಡ್ಗಿ ಮದ್ವೆ ಆಗಾಕಿಲ್ಲ ಸ್ವಾಮಿ" ಎಂದು ಕೈಗೆ ತಾಂಬೂಲ ಕೊಟ್ಟು ಕಳಿಸಿದರು. ಮಗಳು ಬಾಯಿಬಿಡುವ ಮೊದಲೇ ಅವಳ ಪೆಟ್ಟಿಗೆಗೆ ಸೀರೆ ಮಡಚಿಡತೊಡಗಿದರು: "ಊರಿಗೆಲ್ಲ ಹೇಳಿವ್ನಿ ಕಣೇ. ಈಗ ಇಲ್ಲ ಅಂತ ಯಾವ ಬಾಯಲ್ಲಿ ಹೇಳ್ಲಿ? ಹೋಗಿ ಹುಡ್ಕು." ಬೈಗುಳದಂತಿದ್ದ ಆ ಮಾತು ಕೇಳಿ, ಬಂದಾಗಿನಿಂದ ಮೊದಲ ಸಲ, ನಿರ್ಮಲಾ ನಕ್ಕಳು.