ಬೀಗರಿಗಾಗಿ ಹಸಿರಾದ ಭತ್ತ

ನನ್ನ ಸ್ಕೂಟರ್ ಮೇಲೆ ಇದುವರೆಗೆ ಹೆಂಡತಿ ಕೂತಿದ್ದಾಳೆ, ಗ್ಯಾಸ್ ಸಿಲಿಂಡರ್ ಕೂತಿದೆ, ಒಮ್ಮೆ ಕುಷ್ಟಗಿ ಸಂತೆಯ ಟಗರೂ ಕೂತಿದೆ. (ತಕರಾರಿಲ್ಲದೆ ಕೂತದ್ದು ಸಿಲಿಂಡರ್ ಒಂದೇ.) ಮೊನ್ನೆ ಯೂರಿಯಾ ಚೀಲ ಕೂತಿತು. ಅದೂ ಮದುವೆಯ ಕೆಲಸಕ್ಕೆ!

ನಗಬೇಡಿ. ಕಾರಟಗಿ ಹತ್ತಿರ ನಮ್ಮ ಶರಣಪ್ಪ ಕಾಕಾನ ಗದ್ದೆಯಿದೆ. ಅವನ ಮಗ ಬಸುವಿಗೆ ಮೂವತ್ನಾಲ್ಕು. ನೋಡಿದ ಹೆಣ್ಣೆಲ್ಲ ಕೈತಪ್ಪಿ, ಕೊನೆಗೆ ಕುಷ್ಟಗಿ ಕಡೆಯ ಶಿವಲೀಲಾ ‘ನೋಡೋಣು’ ಎಂಬಲ್ಲಿಗೆ ಬಂದಿದ್ದಳು. ಇನ್ನು ಅವರ ಕಡೆಯವರು ಮನೆ ನೋಡಲು ಬರಬೇಕು. ಕಾಲುವೆ ಸೀಮೆಯಲ್ಲಿ ಮನೆ ನೋಡುವುದೆಂದರೆ ಏನು? ಒಳಗೊಂದು ಚಹಾ ಕುಡಿದು, ಬದುವಿನ ಮೇಲೆ ನಿಂತು ಗದ್ದೆ ನೋಡುವುದು. ಗೋಡೆಯ ಬಣ್ಣ ಯಾರಿಗೂ ಬೇಡ, ಬೆಳೆಯ ಬಣ್ಣ ಬೇಕು.

ಬೆಳೆಯೋ, ಕಾಳು ಕಟ್ಟಿ ಆಗಲೇ ಹಳದಿಗೆ ತಿರುಗುತ್ತಿತ್ತು. ಕಾಕಾ ಕಂಗಾಲಾಗಿ ಫೋನ್ ಮಾಡಿದ.

“ತಮ್ಮಾ, ಹತ್ತ ದಿನದಾಗ ಬೀಗರು ಬರ್ತಾರ. ಗದ್ದಿ ನೋಡಿದ್ರ ಕಾಮಾಲಿ ಆದಂಗ ಕಾಣತೈತಿ. ಒಂದ ಚೀಲ ಯೂರಿಯಾ ತಗೊಂಡ ಬಾ.”

“ಇಷ್ಟೊತ್ತಿನಾಗ ಯೂರಿಯಾ ಯಾಕ ಕಾಕಾ? ಬೆಳಿ ಮುಗಿಯಾಕ ಬಂತಲ್ಲ?”

“ಬೆಳಿಗಲ್ಲೋ, ಬೀಗರಿಗೆ!”

ಬೀಗರ ಹೆಸರು ಬಂದ ಮೇಲೆ ವಾದವೇ? ಸ್ಕೂಟರ್ ಕೀಲಿ ತೆಗೆದುಕೊಂಡೆ. (ಗೊಬ್ಬರದ ಮಿತಬಳಕೆ ಬಗ್ಗೆ ಇದೇ ಅಂಕಣದಲ್ಲಿ ರೈತರಿಗೆ ಉಪದೇಶ ಮಾಡಿದವನು ನಾನೇ. ಓದಿದವರು ದಯವಿಟ್ಟು ಮರೆತುಬಿಡಿ.) ಗಂಗಾವತಿಯಿಂದ ಚೀಲ ಹೇರಿಕೊಂಡು ಹೊರಟೆ. ಬಸು ಗೊಣಗುತ್ತಲೇ ಎರಚಿದ. ಅವನ ತಲೆಯಲ್ಲಿ ಬಿಳಿ ಕೂದಲು ಬಂದರೂ ಗೊಬ್ಬರದ ವಿಷಯದಲ್ಲಿ ಅಪ್ಪ ಹೇಳಿದ್ದೇ ಕೊನೆ.

ಯೂರಿಯಾ ಕೆಲಸ ಮಾಡಿತು. ಗದ್ದೆ ಮತ್ತೆ ಕಡುಹಸಿರಾಯಿತು. ಆದರೆ ಬೀಗರು ಬರುವ ಹಿಂದಿನ ಸಂಜೆ ಒಂದು ಗಾಳಿ ಬೀಸಿತು ನೋಡಿ, ಯೂರಿಯಾ ಉಂಡು ಮೆತ್ತಗಾಗಿದ್ದ ಪೈರು ಅರ್ಧಕ್ಕರ್ಧ ನೆಲ ಹಿಡಿಯಿತು.

ಮರುದಿನ ಬದುವಿನ ಮೇಲೆ ಕಾಕಾ, ಬಸು, ನಾನು, ಹುಡುಗಿಯ ಅಪ್ಪ ಮತ್ತು ಸ್ವತಃ ಹುಡುಗಿ! ಮನೆ ನೋಡಲು ಹುಡುಗಿಯೇ ಬರುವ ಪದ್ಧತಿ ನಮ್ಮಲ್ಲಿಲ್ಲ. ಈಕೆ ಬಂದಿದ್ದಳು.

“ಯಾಕ್ರಿ ಬೀಗರ, ಭತ್ತ ಮಲಗೇತಲ್ಲ?” ಎಂದರು ಹುಡುಗಿಯ ಅಪ್ಪ.

“ನಿಮಗ ನಮಸ್ಕಾರ ಮಾಡಾಕತ್ತೈತ್ರಿ,” ಎಂದ ಕಾಕಾ.

ಶಿವಲೀಲಾ ನಗಲಿಲ್ಲ. ಚಪ್ಪಲಿ ಬಿಟ್ಟು ಕೆಸರಿಗಿಳಿದಳು. ಎಲೆ ಕಿತ್ತು ನೋಡಿದಳು, ಕಾಳು ಹಿಸುಕಿದಳು.

“ಕಾಕಾರ, ಯೂರಿಯಾ ಯಾವಾಗ ಹಾಕೀರಿ?”

ಕಾಕಾ ಆಕಾಶ ನೋಡಿದ. ನಾನು ಸ್ಕೂಟರ್ ನೋಡಿದೆ. ಆಗ ಗೊತ್ತಾಯಿತು, ಹುಡುಗಿ ಕೃಷಿ ಎಂ.ಎಸ್ಸಿ. ಭತ್ತ ಸಾರಜನಕವನ್ನು, ಅಂದರೆ ಯೂರಿಯಾದ ಸತ್ವವನ್ನು, ಹೇಗೆ ಬಳಸುತ್ತದೆ ಎಂಬುದೇ ಅವಳ ಸಂಶೋಧನೆ! ಬಯೋಡೇಟಾದಲ್ಲಿ ಬರೆದಿತ್ತಂತೆ. ನಾವು ಅದರಲ್ಲಿ ಓದಿದ್ದು ಎತ್ತರ ಮತ್ತು ರಾಶಿ.

“ಎಲಿಯೊಳಗಿನ ಸಾರಜನಕದಾಗ ದೊಡ್ಡ ಪಾಲು ರುಬಿಸ್ಕೋ ಅನ್ನೋ ಒಂದ ಪ್ರೋಟೀನ್‌ನಾಗ ಇರತೈತ್ರಿ. ಗಾಳಿಯೊಳಗಿನ ಕಾರ್ಬನ್ ಹಿಡಿಯೋದು ಅದರ ಕೆಲಸ. ಆದ್ರ ಭಾಳ ನಿಧಾನ. ಅದಕ್ಕ ಗಿಡ ಅದನ್ನ ರಾಶಿಗಟ್ಟಲೆ ಇಟಗೊಂಡಿರತೈತಿ.”

(ಕೆಲಸ ನಿಧಾನ, ಅದಕ್ಕೇ ಜನ ಜಾಸ್ತಿ. ಇಂಥ ಆಫೀಸುಗಳು ನಮಗೂ ಗೊತ್ತು.)

“ಕಾಳು ಕಟ್ಟೂ ಮುಂದ ಗಿಡ ಆ ಪ್ರೋಟೀನ್ ಒಡದು, ಸಾರಜನಕ ಎಲ್ಲಾ ಕಾಳಿಗೆ ಕಳಸತೈತಿ. ಎಲಿ ಹಳದಿ ಆಗೋದು ರೋಗ ಅಲ್ರಿ, ಕೊಟ್ಟು ಮುಗಿಸಿದ ಗುರುತು. ನೀವು ಈಗ ಮತ್ತ ಯೂರಿಯಾ ಸುರುವಿದ್ರ ಎಲಿ ತನ್ನದು ತಾನ ಹಿಡಕೊಂಡು ಕೂಡತೈತಿ.”

ಕಾಕಾನ ಮುಖ ಗದ್ದೆಗಿಂತ ಮೊದಲೇ ಹಳದಿಯಾಯಿತು. ಮಗನ ಮದುವೆ ತನ್ನ ಒಂದು ಚೀಲದಲ್ಲಿ ಮುರಿಯಿತೆಂದು ಅವನಿಗೆ ಖಾತ್ರಿಯಾಗಿತ್ತು. ಪಾಪ ಅನಿಸಿತು.

ಅಷ್ಟರಲ್ಲಿ ಅವಳು ದೂರದ ಮೂಲೆಯ ತುಂಡು ಗದ್ದೆಗೆ ಕೈ ಮಾಡಿದಳು. “ಆ ಮಡಿ ಒಂದ ಬಂಗಾರದಂಗ ಹಳದಿ ಆಗಿ ನಿಂತೈತಿ. ಅದನ್ನ ಯಾರು ಉಳಿಸಿದ್ರಿ?”

ದೇವರೇ ಕೊಟ್ಟ ಪ್ರಶ್ನೆ! ಬಸು ‘ನಾನು’ ಎಂದರೆ ಸಾಕು, ಲಗ್ನ ಆದಂತೆ. ಕಾಕಾ ಕಣ್ಸನ್ನೆ ಮಾಡಿದ. ನಾನು ಬಸುವಿನ ಪಕ್ಕೆಗೆ ಮೊಣಕೈಯಿಂದ ತಿವಿದೆ.

“ಯಾರೂ ಉಳಿಸಿಲ್ರಿ,” ಎಂದ ಬಸು. “ಅಲ್ಲಿಗೆ ಬರೂದ್ರಾಗ ಚೀಲ ಖಾಲಿ ಆತ್ರಿ.”

ಕಾಕಾ ಹಣೆ ಚಚ್ಚಿಕೊಂಡ. ಹರಿಶ್ಚಂದ್ರನಾಗಲು ಈ ಮಗನಿಗೆ ಬೇರೆ ದಿನ ಸಿಗಲಿಲ್ಲವೇ?

ಆದರೆ ಶಿವಲೀಲಾ ಗದ್ದೆಯ ಕೊಕ್ಕರೆಗಳೆಲ್ಲ ಎದ್ದು ಹಾರುವಂತೆ ನಕ್ಕಳು. ಕಣ್ಣೊರೆಸಿಕೊಂಡು, ಬಸುವಿನತ್ತ ಕೈ ಮಾಡಿ, ಕಾಕಾನ ಕಡೆ ತಿರುಗಿದಳು.

“ಮುಂದಿನ ಬೆಳಿಗೆ ಗೊಬ್ಬರ ಎಷ್ಟು ಅನ್ನೋದು ಇವರಿಗೆ ಬಿಡ್ರಿ. ಹಳದಿ ಆಗಾಕ ಹೆದರಬ್ಯಾಡ್ರಿ, ಮಾವಾರ.”

ಮಾವಾರ! ಕೇಳಿದಿರಾ? ಬಸು ಕೇಳಿಸಿಕೊಂಡ ರಭಸಕ್ಕೆ ಬದುವಿನಿಂದ ಜಾರಿ ನೇರ ಕೆಸರಿಗೆ ಬಿದ್ದ. ಕಾಕಾ ಅವನನ್ನು ಎತ್ತಲೂ ಇಲ್ಲ. “ಬಿಟ್ಟೆ ಬಿಡವಾ, ಇವತ್ತ ಬಿಟ್ಟೆ,” ಎಂದು ಎರಡೂ ಕೈ ಮುಗಿದ.

ಹೊತ್ತು ಬಂದಾಗ ಬಿಟ್ಟುಕೊಡುವ ಬುದ್ಧಿ ಭತ್ತದ ಎಲೆಗಿದೆ, ಕಾಕಾನಿಗೂ ಬಂತು. ಅರವತ್ತು ದಾಟಿಯೂ ಕುರ್ಚಿ ಬಿಡದೆ ಹಚ್ಚಹಸಿರಾಗಿ ಕೂತವರಿಗೆ ಯೂರಿಯಾ ಹಾಕುತ್ತಿರುವವರು ಯಾರು?