ಬಂಗಡೆಗೆ ಬೈಕು, ಮರ್ಯಾದೆಗೆ ಕಾರು

ಗೆಳೆಯರೇ, ಇಂದು ಬೆಳಿಗ್ಗೆ ಅಂಕೋಲೆಯ ಮೀನು ಮಾರುಕಟ್ಟೆಯ ಎದುರು ನನ್ನ ಮಾನ ಹರಾಜಾಯಿತು.

ನಮ್ಮ ಮನೆಯ ಒಂದೇ ಕಾರನ್ನು ಹೆಂಡತಿ ಕೆಲಸಕ್ಕೆ ಒಯ್ಯುತ್ತಾಳೆ. ನಾನು ಕಾರವಾರದ ಕಚೇರಿಗೂ ಮೀನಿಗೂ ಬೈಕಿನಲ್ಲೇ ಹೋಗುವವ. ಪಕ್ಕದ ಮನೆಯ ಗಣಪತಿಯಣ್ಣನಿಗೆ ಎರಡು ಕಾರು. ಮಾರುಕಟ್ಟೆಯಲ್ಲಿ ನನ್ನನ್ನು ಕಂಡವರೇ, ನಾಲ್ಕು ಜನ ಕೇಳುವ ಹಾಗೆ ಶುರು ಮಾಡಿದರು.

“ಏ ತಮಾ, ಆಫೀಸರ್ ಆದವ ಇನ್ನೂ ಬೈಕಿನ ಮೇಲೇ ತಿರಗ್ತೀಯಲಾ ಮಾರಾಯಾ! ಇನ್ನೊಂದು ಕಾರ್ ತಕೋ. ಜನ ಎಂತಾ ಹೇಳೂದಿಲ್ಲ?”

“ಬೈಕೇ ಸಾಕಾಗ್ತದೆ ಗಣಪತಿಯಣ್ಣ,” ಎಂದೆ.

“ಸಾಕಾಗ್ತದೆ ಅಂದ್ರೆ ಆಯ್ತಾ? ಮರ್ಯಾದಿ ಬೇಡ್ವಾ?” ಎನ್ನುತ್ತಲೇ, ನೀರು ತೊಟ್ಟಿಕ್ಕುತ್ತಿದ್ದ ತಮ್ಮ ಬಂಗಡೆ ಚೀಲವನ್ನು ನನ್ನ ಹ್ಯಾಂಡಲಿಗೆ ನೇತುಹಾಕಿದರು. “ಇದ್ನ ನಮ್ಮನೆಗೆ ಕೊಟ್ಬಿಡು. ಕಾರಲ್ಲಿಟ್ರೆ ವಾರಗಟ್ಲೆ ವಾಸನೆ ಹೋಗೂದಿಲ್ಲ.”

ನಾನು ಮುಂದೆ ಹೊರಟೆ. ಅವರು ಎಸಿ ಹಾಕಿಕೊಂಡು ಹಿಂದೆ ಬಂದರು. ತಿರುವಿನಲ್ಲಿ ಹಾರ್ನ್ ಹೊಡೆದು, ಗಾಜನ್ನು ಎರಡು ಬೆರಳಷ್ಟು ಇಳಿಸಿ, “ಸಾವಕಾಶ ಹೋಗಾ, ಚೀಲ ಹರೀತದೆ!” ಎಂದರು.

ಗಣಪತಿಯಣ್ಣನಿಗೆ ಎರಡು ಕಾರು ಎಂದಷ್ಟೇ ಬರೆದೆನಲ್ಲ, ತಪ್ಪಾಯಿತು. ಅವರಿಗಿರುವುದು ಮೂರು ವಾಹನ. ಮೂರನೆಯದಕ್ಕೆ ಪೆಟ್ರೋಲ್ ಹಾಕಿಸುವವ ನಾನು.