ಸಫಿಯಾಳ ಕೆಂಪು ಶಾಲು

ತರಗತಿಯಲ್ಲಿ ಅಣಕು ಸಂಸತ್ತು ನಡೆಸಲೆಂದು ನಿನ್ನೆ ಮೇಜಿಗೆ ಹಾಸುವ ಬಟ್ಟೆ ಹುಡುಕುತ್ತಿದ್ದೆ. ಲೋಕಸಭೆಗೆ ಹಸಿರು, ರಾಜ್ಯಸಭೆಗೆ ಕೆಂಪು. ಹಸಿರು ಬೇಗ ಸಿಕ್ಕಿತು. ಕೆಂಪಿಗಾಗಿ ಕಪಾಟಿನ ತಳಕ್ಕೆ ಕೈಹಾಕಿದರೆ ಬಂದದ್ದು ಸಫಿಯಾಳ ಶಾಲು, ಅಂಚಿನ ಶಾಯಿ ಕಲೆಯ ಸಮೇತ.

ಮೂಡುಬಿದಿರೆಯಲ್ಲಿ ಪದವಿ ಓದುವಾಗ ನಮ್ಮ ಅಣಕು ಸಂಸತ್ತಿಗೆ ಎದುರುಬದುರಾದ ಎರಡು ಕೋಣೆಗಳಿದ್ದವು. ಹೆಚ್ಚು ಮಾತಾಡದವಳೆಂದು ನನ್ನನ್ನು ಲೋಕಸಭೆಯ ಸ್ಪೀಕರ್ ಮಾಡಿದ್ದರು. ಆ ಕುರ್ಚಿಗೆ ಇದಕ್ಕಿಂತ ವಿಚಿತ್ರ ಅರ್ಹತೆಯನ್ನು ನೀವು ಕೇಳಿರಲಾರಿರಿ. ಮಡಂತ್ಯಾರಿನ ಸಫಿಯಾ ರಾಜ್ಯಸಭೆಯಲ್ಲಿದ್ದಳು, ಮೇಜಿಗೆ ತನ್ನ ಶಾಲನ್ನೇ ಹಾಸಿದ್ದಳು. ಪಾಸ್ ಇರುವ ವಿದ್ಯಾರ್ಥಿಗಳಿಗೂ ಬಸ್ಸಿನಲ್ಲಿ ಸೀಟು ಕೊಡಬೇಕೆಂಬ ಮಸೂದೆಯನ್ನು ನಾವು ಗದ್ದಲದ ನಡುವೆ ಹತ್ತೇ ನಿಮಿಷದಲ್ಲಿ ಅಂಗೀಕರಿಸಿ ಆಚೆ ಕಳಿಸಿದೆವು. ಅದು ತಿದ್ದುಪಡಿಯೊಂದಿಗೆ ವಾಪಸು ಬಂತು.

"ನಿಮಗೆ ಎಂತ ಅವಸರ ಮಾರಾಯ್ತಿ?" ಎಂದಳು ಸಫಿಯಾ. "ಮಗು ಎತ್ತಿಕೊಂಡವರು ಹತ್ತಿದರೆ? ಸ್ಪೀಕರಮ್ಮ ಕೂತುಕೊಳ್ಳಲಿಕ್ಕೆ ಅವರು ನಿಲ್ಲಬೇಕಾ?"

ಅಂಥವರನ್ನು ನಾವು ಮರೆತೇಬಿಟ್ಟಿದ್ದೆವು. ಎರಡೂ ಕೋಣೆ ಒಪ್ಪಿದ ಮೇಲೆ, ರಾಷ್ಟ್ರಪತಿಯಾಗಿದ್ದ ಗ್ರಂಥಪಾಲಕರು ಸಹಿ ಹಾಕಿದರು. ಆ ಸಂಭ್ರಮದಲ್ಲಿ ಶಾಯಿ ಚೆಲ್ಲಿದವಳು ನಾನು. ಒಗೆದು ಕೊಡುತ್ತೇನೆಂದು ತಂದ ಶಾಲು ನನ್ನಲ್ಲೇ ಉಳಿಯಿತು.

ಆಮೇಲೆ ಅದೇ ನಮ್ಮ ಅಭ್ಯಾಸವಾಯಿತು. ಸೀರೆಯ ಬಣ್ಣವಿರಲಿ, ಶಿರ್ತಾಡಿಯ ಮನೆಯಲ್ಲಿ ಅಮ್ಮನಿಗೆ ಹೇಳಬೇಕಾದ ಕಷ್ಟದ ಮಾತಿರಲಿ, ನನ್ನ ತೀರ್ಮಾನ ಬಸ್‌ಸ್ಟ್ಯಾಂಡಿನ ಬೆಂಚಿನಲ್ಲಿ ಅವಳ ಮುಂದೆ ಬರಬೇಕು. "ತಿದ್ದುಪಡಿ ಉಂಟು," ಎನ್ನುವಳು. ಮಸೂದೆ ಮಂಡಿಸುವ ಹಕ್ಕು ಅವಳಿಗೂ ಇತ್ತು. ಕೊನೆಯ ವರ್ಷ ಮಂಡಿಸಿದಳು: "ಇಬ್ಬರೂ ಬಿ.ಎಡ್. ಮಾಡುವ. ಒಂದೇ ಶಾಲೆಯಲ್ಲಿ ಕಲಿಸುವ. ಬಂಟ್ವಾಳ ಆದರೂ ಸರಿ, ಬೆಳ್ತಂಗಡಿ ಆದರೂ ಸರಿ."

"ನೋಡುವ," ಎಂದೆ.

ಅಷ್ಟರಲ್ಲಿ ಮೈಸೂರಿನಲ್ಲಿ ಎಂ.ಎ. ಸೀಟು ಸಿಕ್ಕಿತು. ಕೇಳಿದರೆ ಬೇಡವೆಂದಾಳು, ಬೇಡವೆಂದರೆ ನಾನು ಹೋಗಲಾರೆ. ಆ ಭಯಕ್ಕೆ ಮೆಸೇಜು ಮಾಡಿದೆ: "ಹೋಗ್ತಿದ್ದೇನೆ. ಇದು ಹಣಕಾಸಿನ ಮಸೂದೆ." ಅಂಥ ಮಸೂದೆಗೆ ರಾಜ್ಯಸಭೆ ಶಿಫಾರಸು ಮಾಡಬಹುದು, ತಡೆಯುವಂತಿಲ್ಲ, ಹದಿನಾಲ್ಕು ದಿನದೊಳಗೆ ಹಿಂದಿರುಗಿಸದಿದ್ದರೆ ಒಪ್ಪಿದಂತೆಯೇ ಲೆಕ್ಕ. ಯಾವುದು ಹಣಕಾಸಿನ ಮಸೂದೆ ಎಂದು ತೀರ್ಮಾನಿಸುವವರೂ ಸ್ಪೀಕರೇ. ತಮಾಷೆಯೆಂದುಕೊಂಡಿದ್ದೆ. ಉತ್ತರ ಬರಲಿಲ್ಲ. ಹದಿನೈದನೆಯ ದಿನ ನಾನು ಮೈಸೂರಿನ ಬಸ್ಸು ಹತ್ತಿದೆ.

ಈಗ ನಾನು ಬಂಟ್ವಾಳದಲ್ಲಿ ಕಲಿಸುತ್ತೇನೆ, ಅವಳು ಬೆಳ್ತಂಗಡಿಯಲ್ಲಂತೆ. ನಡುವೆ ಇರುವುದು ಬಸ್ಸಿನ ಒಂದಿಷ್ಟು ದಾರಿ. ಎಲ್ಲ ತೀರ್ಮಾನಗಳನ್ನೂ ಒಬ್ಬಳೇ ಅಂಗೀಕರಿಸುತ್ತೇನೆ, ಆಮೇಲೆ ಏನನ್ನು ಮರೆತೆನೋ ಎಂದು ಕೂತು ಯೋಚಿಸುತ್ತೇನೆ.

ಇವತ್ತು ಶಾಲು ಹಾಸಿ ಪಾಠ ಶುರು ಮಾಡಿದೆ. ಕೊನೆಯ ಸಾಲಿನ ಹುಡುಗಿಯೊಬ್ಬಳು ಕೇಳಿದಳು: "ಮಿಸ್, ಲೋಕಸಭೆ ವಿಸರ್ಜನೆ ಆದರೆ ಅರ್ಧದಲ್ಲಿದ್ದ ಮಸೂದೆ ಎಲ್ಲ ಹೋಯ್ತಾ?"

"ಲೋಕಸಭೆಯಲ್ಲಿ ಇದ್ದದ್ದು ಹೋಗ್ತದೆ," ಎಂದೆ. "ರಾಜ್ಯಸಭೆ ವಿಸರ್ಜನೆ ಆಗುದಿಲ್ಲ. ಅಲ್ಲಿ ಮಂಡಿಸಿ, ಅಲ್ಲೇ ಬಾಕಿ ಇರುವ ಮಸೂದೆ..." ಶಾಲಿನ ಅಂಚಿನ ಶಾಯಿ ಕಲೆಯನ್ನು ಬೆರಳಿನಿಂದ ಸವರಿದೆ. "ಅದು ಉಳೀತದೆ."

ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಕೂತು ಸಫಿಯಾಳಿಗೆ ಬರೆದೆ: "ನಿನ್ನ ಶಾಲು ನನ್ನ ಹತ್ತಿರ ಉಂಟು. ಶನಿವಾರ ತಂದುಕೊಡುವ ಅಂತ. ಇದು ಸಾಮಾನ್ಯ ಮಸೂದೆ, ನೀನು ಒಪ್ಪದೆ ಆಗುದಿಲ್ಲ." ಗಡುವು ಹಾಕಲಿಲ್ಲ.

ಮನೆ ಕಡೆಯ ಎರಡು ಬಸ್ಸು ಬಂದು ಹೋದವು. ಈ ಸಲ ನನಗೆ ಅವಸರವಿಲ್ಲ.